ಬಾನೆಟ್ಟಿನ ಕೆಳಗೊಂದು ರೇಡಿಯೊ

ಇಂಗ್ಲೆಂಡ್ ನೋಡಲು ಹೊರಟವರ ಪಟ್ಟಿಯಲ್ಲಿ ಬೆಡ್‌ಫರ್ಡ್ ಸಾಮಾನ್ಯವಾಗಿ ಇರುವುದಿಲ್ಲ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿ ಉತ್ತರಕ್ಕೆ ಹೊರಟರೆ ಸುಮಾರು ಒಂದು ಗಂಟೆಯ ದಾರಿ. ಊರ ನಡುವೆ ಗ್ರೇಟ್ ಊಸ್ ಹೊಳೆ, ದಂಡೆಯುದ್ದಕ್ಕೂ ಮರದ ಸಾಲು, ನೀರಲ್ಲಿ ಹಂಸಗಳು. ನೋಡಲು ಇಷ್ಟೇ. ಆದರೆ ನಾನು ಅಲ್ಲಿಗೆ ಹೋದದ್ದು ಕೇಳುವುದಕ್ಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಆಕಾಶವನ್ನು ತುಂಬಿದ್ದ ಹಾಡು, ಸುದ್ದಿ, ಪ್ರಾರ್ಥನೆ ಮತ್ತು ಬೇಕೆಂದೇ ಹೆಣೆದ ಸುಳ್ಳುಗಳಲ್ಲಿ ಎಷ್ಟೋ ಪಾಲು ಹುಟ್ಟಿದ್ದು ಈ ಊರಿನಲ್ಲಿ, ಇದರ ಸುತ್ತಲಿನ ಹತ್ತಿಪ್ಪತ್ತು ಮೈಲಿಯೊಳಗೆ.

ಅಕ್ಕನ ಮಗ ಇಲ್ಲಿ ಕೆಲಸದಲ್ಲಿದ್ದಾನೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವ ಹುಡುಗ, ಶನಿವಾರ ಬಂತೆಂದರೆ ಹಳ್ಳಿಯೊಂದರ ಹಳೆಯ ಕೊಟ್ಟಿಗೆಗೆ ಓಡುತ್ತಾನೆ. ಅಲ್ಲಿ ನಾಲ್ಕೈದು ಜನ ಸೇರಿ ಯುದ್ಧಕಾಲದ ಜೀಪು, ಲಾರಿಗಳನ್ನು ಬಿಚ್ಚಿ, ತುಕ್ಕು ಕೆರೆದು, ಮತ್ತೆ ಓಡುವ ಹಾಗೆ ಮಾಡುತ್ತಾರೆ. ಅವನು ಅಲ್ಲಿಂದ ಫೋನ್ ಮಾಡಿದಾಗಲೆಲ್ಲ ಅವನ ಮಾತಿನ ಹಿಂದೆ ಯಾವುದೋ ವಾದ್ಯಮೇಳ ನುಡಿಯುತ್ತಿರುತ್ತಿತ್ತು. ಒಮ್ಮೆ ಕೇಳಿದೆ: "ಅದೇನೋ ಅದು, ಯಾವಾಗಲೂ ಅದೇ ಕಾಲದ ಹಾಡು?" "ಅದಿಲ್ಲದೆ ಕೆಲಸ ಆಗಲ್ಲ ಚಿಕ್ಕಮ್ಮ. ಹೇಳಿದ್ರೆ ಅರ್ಥ ಆಗಲ್ಲ, ಬಂದು ಕೇಳು" ಅಂದ. ನಾನು ಹೋದೆ.

ಮೊದಲು ಅವನು ಕರೆದುಕೊಂಡು ಹೋದದ್ದು ಸೇಂಟ್ ಪಾಲ್ಸ್ ಚೌಕದ ಕಾರ್ನ್ ಎಕ್ಸ್‌ಚೇಂಜಿಗೆ. ಧಾನ್ಯದ ವ್ಯಾಪಾರಕ್ಕೆಂದು ಕಟ್ಟಿದ ಕಟ್ಟಡ, ಈಗ ಸಭಾಂಗಣ. ಹೊರಗೋಡೆಯಲ್ಲಿ ಕನ್ನಡಕ ಹಾಕಿದ ಒಬ್ಬ ಸೇನಾಧಿಕಾರಿಯ ಎದೆಮಟ್ಟದ ಪ್ರತಿಮೆ. ಅವರೇ ಗ್ಲೆನ್ ಮಿಲ್ಲರ್, ಅಮೆರಿಕದ ನೃತ್ಯಸಂಗೀತದ ಮಹಾ ಮೇಳಗಾರ. ಯುದ್ಧ ಬಂದಾಗ ಕೈತುಂಬ ಹಣ ತರುತ್ತಿದ್ದ ತಮ್ಮ ಮೇಳವನ್ನು ಬಿಟ್ಟು ಸೈನ್ಯ ಸೇರಿ, ಸೈನಿಕರಿಂದಲೇ ಹೊಸ ಮೇಳ ಕಟ್ಟಿಕೊಂಡು 1944ರ ಬೇಸಿಗೆಯಲ್ಲಿ ಲಂಡನ್ನಿಗೆ ಬಂದರು. ಅದು ಹಾರುವ ಬಾಂಬುಗಳು ಊರಿನ ಮೇಲೆ ಬೀಳುತ್ತಿದ್ದ ಹೊತ್ತು. ಮೇಳವನ್ನು ಜುಲೈ 2ರಂದು ಬೆಡ್‌ಫರ್ಡ್‌ಗೆ ಸಾಗಿಸಿದರು. ಮರುದಿನವೇ ಅವರು ತಂಗಿದ್ದ ಸ್ಲೋನ್ ಕೋರ್ಟ್ ಬೀದಿಯ ಮೇಲೆ ಬಾಂಬು ಬಿದ್ದು ಹತ್ತಾರು ಅಮೆರಿಕನ್ ಸೈನಿಕರು ಸತ್ತರು. ಒಂದು ದಿನ ತಡವಾಗಿದ್ದರೆ ಆ ಸಂಗೀತವೇ ಇರುತ್ತಿರಲಿಲ್ಲ ಎಂಬುದನ್ನು ಆ ಗೋಡೆಯ ಮುಂದೆ ನಿಂತು ನೆನೆದಾಗ ಮೈ ಜುಮ್ಮೆಂದಿತು.

ಅದೇ ಸಭಾಂಗಣದಲ್ಲಿ, ಅದೇ ತಿಂಗಳು, ಇನ್ನೊಬ್ಬರೂ ಇದ್ದರು. ಬಿಬಿಸಿಯ ಸಿಂಫನಿ ವಾದ್ಯವೃಂದ ಬ್ರಿಸ್ಟಲ್‌ನ ಬಾಂಬುಗಳಿಂದ ತಪ್ಪಿಸಿಕೊಂಡು 1941ರಲ್ಲೇ ಬೆಡ್‌ಫರ್ಡ್ ಸೇರಿತ್ತು. ಲಂಡನ್ನಿನ ಪ್ರಸಿದ್ಧ ಪ್ರೊಮೆನೇಡ್ ಕಚೇರಿಗಳನ್ನು 1944ರಲ್ಲಿ ನಡುವೆಯೇ ನಿಲ್ಲಿಸಬೇಕಾಗಿ ಬಂದಾಗ ಉಳಿದ ಕೆಲವನ್ನು ಇಲ್ಲಿಂದ ಪ್ರಸಾರ ಮಾಡಿದರು. ಆ ಕಚೇರಿಗಳನ್ನು ಐವತ್ತು ವರ್ಷ ನಡೆಸಿದ್ದ ಹೆನ್ರಿ ವುಡ್ ಕೊನೆಯ ಬಾರಿ ಕೈಕೋಲು ಎತ್ತಿದ್ದು ಇಲ್ಲೇ, ಜುಲೈ 28ರಂದು, ಬೀಥೋವನ್‌ನ ಏಳನೆಯ ಸಿಂಫನಿಗೆ. ಮೂರು ವಾರಕ್ಕೆ ಅವರು ತೀರಿಕೊಂಡರು. ಒಂದೇ ಸಣ್ಣ ಊರಿನಲ್ಲಿ ಒಂದೇ ಬೇಸಿಗೆಯಲ್ಲಿ ಬೀಥೋವನ್ ಒಂದು ಕಡೆ, ಅಮೆರಿಕದ ಸ್ಯಾಕ್ಸೊಫೋನುಗಳು ಇನ್ನೊಂದು ಕಡೆ. ಚೌಕದ ಚರ್ಚಿನೊಳಗಿನ ಒಂದು ಪುಟ್ಟ ಪ್ರಾರ್ಥನಾಮಂದಿರದಿಂದ ದಿನಾ ಬೆಳಿಗ್ಗೆ ಇಡೀ ದೇಶಕ್ಕೆ ಪ್ರಾರ್ಥನೆಯ ಪ್ರಸಾರ. ಕಳ್ಳಸುಳ್ಳಿನ ಪ್ರಸಾರವೂ ದೂರವಿರಲಿಲ್ಲ. ವೋಬರ್ನ್ ಬಳಿಯ ಮಿಲ್ಟನ್ ಬ್ರಯನ್ ಹಳ್ಳಿಯಲ್ಲಿ ಸೆಫ್ಟನ್ ಡೆಲ್ಮರ್ ಎಂಬ ಪತ್ರಕರ್ತ ಜರ್ಮನ್ ಸೈನಿಕರಿಗಾಗಿ 1943ರಲ್ಲಿ ಒಂದು ನಕಲಿ ಜರ್ಮನ್ ಕೇಂದ್ರ ನಡೆಸತೊಡಗಿದ. ಒಳ್ಳೆಯ ನೃತ್ಯಸಂಗೀತ, ಫುಟ್‌ಬಾಲ್ ಫಲಿತಾಂಶ, ನಿಜವಾದ ಸುದ್ದಿ, ಅವುಗಳ ಸಂದಿಯಲ್ಲಿ ನಾಲ್ಕು ವಿಷದ ಮಾತು. ಹಾಡು ಚೆನ್ನಾಗಿದ್ದರೆ ಶತ್ರುವೂ ಕೇಳುತ್ತಾನೆ ಎಂಬುದನ್ನು ಎರಡೂ ಕಡೆಯವರು ಅರಿತಿದ್ದರು. ಗ್ಲೆನ್ ಮಿಲ್ಲರ್ ಕೂಡ 1944ರ ಕೊನೆಯಲ್ಲಿ ಜರ್ಮನ್ ಸೈನಿಕರಿಗೆಂದೇ, ಹಾಡುಗಳನ್ನು ಜರ್ಮನ್ ಭಾಷೆಯಲ್ಲಿ ಹಾಡಿಸಿ, ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿದರು.

ಮರುದಿನ ಕ್ಲಾಪಮ್ ಹಳ್ಳಿಯ ಗುಡ್ಡ ಹತ್ತಿ ಟ್ವಿನ್‌ವುಡ್ ವಿಮಾನನೆಲೆಗೆ ಹೋದೆವು. ರನ್‌ವೇ ಹೊಲಗಳಲ್ಲಿ ಕರಗಿಹೋಗಿದೆ. ನಿಯಂತ್ರಣ ಗೋಪುರವನ್ನು 2002ರಲ್ಲಿ ಸರಿಪಡಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. 1944ರ ಡಿಸೆಂಬರ್ 15ರ ಮಧ್ಯಾಹ್ನ, ಮಂಜು ಕವಿದ ಚಳಿಯಲ್ಲಿ, ಮಿಲ್ಲರ್ ಇಲ್ಲಿಂದಲೇ ಒಂಟಿ ಎಂಜಿನ್ನಿನ ನಾರ್ಸ್‌ಮನ್ ವಿಮಾನ ಹತ್ತಿ ಪ್ಯಾರಿಸ್‌ಗೆ ಹೊರಟದ್ದು. ಮತ್ತೆ ಯಾರೂ ಅವರನ್ನು ಕಾಣಲಿಲ್ಲ. ಚಳಿಗೆ ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ ನಿಂತುಹೋಗಿರಬೇಕು ಎಂಬ ಊಹೆಯನ್ನು ಬಹಳ ಮಂದಿ ಒಪ್ಪುತ್ತಾರೆ. ಮೇಳ ಮೂರು ದಿನದ ನಂತರ ಪ್ಯಾರಿಸ್ ತಲುಪಿ ನಾಯಕನಿಲ್ಲದೆಯೇ ನುಡಿಸಿತು. ಗೋಪುರದ ಕಿಟಕಿಯಿಂದ ಗಾಳಿ ಬೀಸುವ ಗೋಧಿ ಹೊಲ ಕಾಣುತ್ತಿತ್ತು. ಅಕ್ಕನ ಮಗ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಒಂದು ಕಾರ್ಬುರೇಟರ್, ಚಿಕ್ಕಮ್ಮ" ಅಂದ, ಅಷ್ಟೇ.

ಇನ್ನು ಕೊಟ್ಟಿಗೆಯ ವಿಷಯ. ನನ್ನ ಪ್ರವಾಸದ ತಿರುಳು ಅದೇ.

ತಗಡಿನ ಮಾಡು, ಇಟ್ಟಿಗೆ ನೆಲ, ಒಳಗೆ ಕಾಲಿಟ್ಟರೆ ಗ್ರೀಸು, ಸೀಮೆಎಣ್ಣೆ, ಹೊಸ ಬಣ್ಣದ ಕಮಟು. ಅಲ್ಲಿನ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಎಂಬತ್ತರ ಹತ್ತಿರ ವಯಸ್ಸು. ಬೆರಳುಗಳ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುವಂಥದ್ದಲ್ಲ. ನಡುವೆ ಮರದ ದಿಮ್ಮಿಗಳ ಮೇಲೆ ಒಂದು ಜೀಪು. ಜೀಪಿನ ಚರಿತ್ರೆಯನ್ನು ಅವರು ಕೈ ಒರೆಸಿಕೊಳ್ಳುತ್ತಲೇ ಹೇಳಿದರು. 1940ರಲ್ಲಿ ಅಮೆರಿಕದ ಸೈನ್ಯ ಹಗುರ ವಾಹನವೊಂದನ್ನು ಕೇಳಿದಾಗ ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದು ಮುಗಿಸಿದರು. ಮೊದಲ ಗಾಡಿ ಸೆಪ್ಟೆಂಬರ್ 23ಕ್ಕೆ ಸೇನೆಯ ಕೈ ಸೇರಿತು. ಕೊನೆಗೆ ಲಕ್ಷಗಟ್ಟಲೆ ತಯಾರಿಸಿದವರು ಮಾತ್ರ ವಿಲ್ಲಿಸ್ ಮತ್ತು ಫೋರ್ಡ್. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮೀರಿ ಮಾಡಿದ್ದರು. ಎಂಜಿನ್ ನಾಲ್ಕು ಸಿಲಿಂಡರಿನದು, 60 ಅಶ್ವಶಕ್ತಿ, ಬ್ಯಾಟರಿ ಬರಿಯ 6 ವೋಲ್ಟು.

ಈ ಗಾಡಿ ಫೋರ್ಡಿನದು. ಅದು ತಿಳಿಯುವುದು ಹೇಗೆ? ಯಜಮಾನರು ನನ್ನ ಕೈಗೊಂದು ಬೋಲ್ಟು ಕೊಟ್ಟು ಬೆಳಕಿಗೆ ಹಿಡಿಯಲು ಹೇಳಿದರು. ತುಕ್ಕು ಕೆರೆದು ಹೋದ ತಲೆಯ ಮೇಲೆ ಉಗುರಿನಷ್ಟೂ ಇಲ್ಲದ 'ಎಫ್' ಅಕ್ಷರ. ಫೋರ್ಡಿನವರು ತಾವು ಮಾಡಿದ ಬಿಡಿಭಾಗಗಳ ಮೇಲೆಲ್ಲ ಈ ಅಕ್ಷರ ಒತ್ತಿದರು, ಬೋಲ್ಟಿನ ತಲೆಯನ್ನೂ ಬಿಡಲಿಲ್ಲ. ಅದಕ್ಕೇ ಇವರು ಅಂಥ ಬೋಲ್ಟುಗಳನ್ನು ಸಂತೆ ಸಂತೆ ಅಲೆದು ಹುಡುಕಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಅಳತೆಯ ಪ್ರಕಾರ ತುಂಬಿಟ್ಟಿದ್ದಾರೆ. ಬೇರೆ ಬೋಲ್ಟು ಹಾಕಿದರೂ ಗಾಡಿ ಓಡುತ್ತದಲ್ಲ ಎಂದು ನಾನು ಕೇಳಿದೆ. "ಓಡುತ್ತದಮ್ಮ. ಆದರೆ ಆ ಹುಡುಗರು ಕೂತಿದ್ದ ಗಾಡಿ ಇದಾಗುವುದಿಲ್ಲ" ಅಂದರು.

ಕಿಟಕಿಯ ಪಕ್ಕದ ಬೆಂಚಿನ ಮೇಲೆ ಒಂದು ರೇಡಿಯೊ ಇತ್ತು. ಮರದ ಸಾದಾ ಪೆಟ್ಟಿಗೆ, ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಯುದ್ಧದಲ್ಲಿ ರೇಡಿಯೊ ಕಾರ್ಖಾನೆಗಳೆಲ್ಲ ಸೈನ್ಯದ ಕೆಲಸಕ್ಕೆ ತಿರುಗಿದ್ದರಿಂದ ಮನೆಗಳಲ್ಲಿ ರೇಡಿಯೊ ಕೆಟ್ಟರೆ ಹೊಸದು ಸಿಗುತ್ತಿರಲಿಲ್ಲ. ಆಗ ಸರ್ಕಾರವೇ ಒಂದು ಮಾದರಿ ಗೊತ್ತುಮಾಡಿ ನಲವತ್ತಕ್ಕೂ ಹೆಚ್ಚು ಕಂಪನಿಗಳಿಂದ ಅದನ್ನೇ ಮಾಡಿಸಿತು. 1944ರಲ್ಲಿ ಅಂಗಡಿಗೆ ಬಂತು. ಮೀಡಿಯಂ ವೇವ್ ಬಿಟ್ಟು ಬೇರೇನೂ ಹಿಡಿಯದು. ಯಜಮಾನರು ಗುಂಡಿ ತಿರುಗಿಸಿದರು. ವಾಲ್ವುಗಳು ಕಾಯಲು ಅರ್ಧ ನಿಮಿಷ. ಬಿಸಿಯಾದ ಧೂಳಿನ ವಾಸನೆ ಬಂತು, ಒಂದು ಗುಂಯ್ ಸದ್ದು, ಅದರೊಳಗಿಂದ ನಿಧಾನವಾಗಿ ವಾದ್ಯಮೇಳ ಎದ್ದು ಬಂತು. ಹಳೆಯ ಪ್ರಸಾರಗಳ ಧ್ವನಿಮುದ್ರಣಗಳನ್ನು ಅವರು ಅಟ್ಟದ ಮೇಲಿನ ಅಂಗೈಯಗಲದ ಟ್ರಾನ್ಸ್‌ಮಿಟರ್ ಒಂದಕ್ಕೆ ಕೊಟ್ಟಿದ್ದಾರೆ. ಅದು ಬಿಟ್ಟ ಅಲೆಯನ್ನು ಈ ರೇಡಿಯೊ ಗಾಳಿಯಿಂದಲೇ ಹಿಡಿದು ಹಾಡುತ್ತದೆ. ತಂತಿ ಹಾಕಿ ನೇರ ಜೋಡಿಸಬಹುದಿತ್ತು. ಹಾಗೆ ಮಾಡಿಲ್ಲ. ನನಗೆ ನಮ್ಮ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು ನೆನಪಾದರು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಊರಿಗೆ ಹಾಡು ಕೇಳಿಸಿದರು, ಅದನ್ನು ಆಕಾಶವಾಣಿ ಎಂದು ಕರೆದರು. ಹೇಳಿದೆ. ಯಜಮಾನರು ಸ್ಪ್ಯಾನರ್ ಕೆಳಗಿಟ್ಟು ಎಷ್ಟು ವ್ಯಾಟಿನದು ಎಂದು ವಿಚಾರಿಸಿದರು. ಮೊದಲಿಗೆ 30 ವ್ಯಾಟ್ ಅಂದೆ. ಮೆಚ್ಚುಗೆಯಿಂದ ತಲೆ ಅಲ್ಲಾಡಿಸಿದರು.

ರೇಡಿಯೊದಲ್ಲಿ ಬರುತ್ತಿದ್ದುದು 'ಮ್ಯೂಸಿಕ್ ವೈಲ್ ಯು ವರ್ಕ್'. 1940ರ ಜೂನ್ 23ರಂದು ಶುರುವಾದ ಕಾರ್ಯಕ್ರಮ. ಕಾರ್ಖಾನೆಗಳಲ್ಲಿ ದುಡಿಯುವವರಿಗಾಗಿ ದಿನಕ್ಕೆ ಎರಡು ಬಾರಿ ಅರ್ಧರ್ಧ ಗಂಟೆ ಸಂಗೀತ. ಮುಂದೆ ರಾತ್ರಿ ಪಾಳಿಯವರಿಗೂ ಒಂದು. ಧ್ವನಿವರ್ಧಕಗಳಲ್ಲಿ ಇಡೀ ಕಾರ್ಖಾನೆಗೆ ಕೇಳಿಸುತ್ತಿದ್ದರು. ಹಾಡುಗಳನ್ನು ಆರಿಸುವುದರಲ್ಲಿ ಬಹಳ ಲೆಕ್ಕಾಚಾರವಿತ್ತು. ತೀರಾ ನಿಧಾನದ್ದು ಬೇಡ, ತೂಕಡಿಕೆ ಬರುತ್ತದೆ. ತಾಳ ತೊಡಕಾಗಿರುವುದೂ ಬೇಡ, ಯಂತ್ರದ ಸದ್ದಿನಲ್ಲಿ ಕಲಸಿಹೋಗುತ್ತದೆ. 'ಡೀಪ್ ಇನ್ ದಿ ಹಾರ್ಟ್ ಆಫ್ ಟೆಕ್ಸಾಸ್' ಎಂಬ ಜನಪ್ರಿಯ ಹಾಡನ್ನು ಈ ಕಾರ್ಯಕ್ರಮದಿಂದ ಹೊರಗಿಟ್ಟರು, ಏಕೆಂದರೆ ಅದರ ನಡುವೆ ಚಪ್ಪಾಳೆ ತಟ್ಟುವ ಜಾಗವಿದೆ. ಅಲ್ಲಿ ಕೆಲಸಗಾರರು ಕೈಯಲ್ಲಿದ್ದ ಸ್ಪ್ಯಾನರು, ಸುತ್ತಿಗೆಗಳಿಂದಲೇ ಬೆಂಚು ಕುಟ್ಟಿಬಿಡುತ್ತಾರೆ! ಅಕ್ಕನ ಮಗ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಯಜಮಾನರು ಆ ಹಾಡನ್ನೇ ಹಚ್ಚಿದರು. ಕೊಟ್ಟಿಗೆಯಲ್ಲಿದ್ದವರೆಲ್ಲ ಸರಿಯಾದ ಜಾಗಕ್ಕೆ ಕಬ್ಬಿಣಕ್ಕೆ ಕಬ್ಬಿಣ ಕುಟ್ಟಿದರು. ನಿಷೇಧ ಎಷ್ಟು ಸರಿಯಾಗಿತ್ತೆಂದು ನನ್ನ ಕಿವಿಗೆ ತಿಳಿಯಿತು.

ಆ ಮಧ್ಯಾಹ್ನ ನಾನು ಕಂಡದ್ದು, ಕೇಳಿದ್ದು ನನಗೆ ಈಗಲೂ ಬೆರಗು.

ಜೀಪಿನ ಎಂಜಿನ್ ಕೂಡಿಸಿ ಆಗಿತ್ತು. ಚಾಲೂ ಮಾಡಿದರು. ಚೆನ್ನಾಗಿಯೇ ಓಡಿತು. ಆದರೆ ಮರುಕ್ಷಣವೇ ರೇಡಿಯೊದ ಹಾಡಿನ ಮೇಲೆ ಚಟಪಟ ಶುರುವಾಯಿತು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಎಂಜಿನ್ ವೇಗ ಏರಿಸಿದರೆ ಚಟಪಟವೂ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಎರಡಕ್ಕೂ ನಡುವೆ ಐದಾರು ಮಾರು ದೂರವಿದೆ, ಒಂದು ತಂತಿಯ ಸಂಬಂಧವೂ ಇಲ್ಲ. ಯಜಮಾನರು ವಿವರಿಸಿದರು. ಸ್ಪಾರ್ಕ್ ಪ್ಲಗ್ಗಿನಲ್ಲಿ ಹಾರುವ ಪ್ರತಿಯೊಂದು ಕಿಡಿಯೂ ಗಾಳಿಗೆ ಒಂದು ರೇಡಿಯೊ ಅಲೆ ಎಸೆಯುತ್ತದೆ. ಮಾರ್ಕೊನಿ ಮೊದಲು ಸಂದೇಶ ಕಳಿಸಿದ್ದೇ ಕಿಡಿ ಹಾರಿಸಿ. ಅಂದಮೇಲೆ ಓಡುವ ಪ್ರತಿ ಪೆಟ್ರೋಲ್ ಗಾಡಿಯೂ ತನಗೆ ಗೊತ್ತಿಲ್ಲದೆಯೇ ಒಂದು ಪ್ರಸಾರ ಕೇಂದ್ರ! ರೇಡಿಯೊ ಹೊತ್ತ ಜೀಪು ತನ್ನ ಕಿಡಿಗಳ ಗದ್ದಲದಿಂದ ತನ್ನದೇ ಕಿವಿಯನ್ನು ಮುಚ್ಚಿಕೊಂಡುಬಿಡುತ್ತದೆ. ದೂರದಿಂದ ಬರುವ ಕ್ಷೀಣ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಯುದ್ಧಭೂಮಿಯಲ್ಲಿ ಹಾಗಾದರೆ ಜನ ಸಾಯುತ್ತಾರೆ.

ಅದಕ್ಕೆ ಸೈನ್ಯ ಉಪಾಯ ಮಾಡಿತು. ಪ್ಲಗ್ಗುಗಳ ತಂತಿಗೆ ರೆಸಿಸ್ಟರು, ಡೈನಮೊಗೆ, ರೆಗ್ಯುಲೇಟರಿಗೆ ಕಂಡೆನ್ಸರು. ಬಾನೆಟ್ಟು, ಮಡ್‌ಗಾರ್ಡು, ರೇಡಿಯೇಟರು, ಎಂಜಿನ್ನು, ಚಾಸಿ ಇವೆಲ್ಲವನ್ನೂ ಹೆಣೆದ ತಾಮ್ರದ ಪಟ್ಟಿಗಳಿಂದ ಒಂದಕ್ಕೊಂದು ಬಿಗಿದರು. ಇಡೀ ಗಾಡಿಯ ಮೈ ಒಂದೇ ಲೋಹವಾಗಿ ಕಿಡಿಗಳ ಅಲೆಯನ್ನು ಒಳಗೇ ಅಡಗಿಸಿಕೊಳ್ಳಬೇಕು. ಹೀಗೆ ಸದ್ದಡಗಿಸಿದ ಗಾಡಿಯ ಬಾನೆಟ್ಟಿನ ಮೇಲೆ, ನೋಂದಣಿ ಸಂಖ್ಯೆಯ ಕೊನೆಗೆ, ಒಂದು 'ಎಸ್' ಅಕ್ಷರ ಬರೆಯುತ್ತಿದ್ದರು. ಚಲನಚಿತ್ರಗಳಲ್ಲಿ ಆ ಅಕ್ಷರವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದರ ಹಿಂದೆ ಇಷ್ಟೆಲ್ಲ ಇದೆಯೆಂದು ಕನಸಲ್ಲೂ ಎಣಿಸಿರಲಿಲ್ಲ.

ಕೆಲಸ ಶುರುವಾಯಿತು. ಒಬ್ಬರು ರೇಡಿಯೊದ ಪಕ್ಕ ಕಿವಿಗೊಟ್ಟು ಕೂತರು, ಯಜಮಾನರು ಗಾಡಿಯ ಮೈಮೇಲೆ ಬಗ್ಗಿದರು. ಡೈನಮೊದ ಕಂಡೆನ್ಸರ್ ಬಿಗಿದಾಗ ಚಟಪಟದ ಹಿಂದಿದ್ದ ಒಂದು ಸಣ್ಣ ಕೀರಲು ದನಿ ಹೋಯಿತು. ಬಾನೆಟ್ಟಿನ ಎಡಬದಿಯ ಪಟ್ಟಿ ಸರಿಮಾಡಿದಾಗ ಸದ್ದು ಅರ್ಧಕ್ಕಿಳಿಯಿತು. ಆದರೂ ಏನೋ ಉಳಿದಿತ್ತು. ಯಜಮಾನರು ಮಡ್‌ಗಾರ್ಡಿನ ಒಂದು ಬೋಲ್ಟು ಬಿಚ್ಚಿ ವಾಷರ್ ತೆಗೆದು ನನಗೆ ತೋರಿಸಿದರು. ಒಳಗೂ ಹೊರಗೂ ಹಲ್ಲುಗಳಿರುವ ಚಪ್ಪಟೆ ಬಳೆ. ಆ ಹಲ್ಲುಗಳು ಬಣ್ಣವನ್ನು ಕಚ್ಚಿ ಸೀಳಿ ಕೆಳಗಿನ ಬರಿ ತಗಡನ್ನು ಮುಟ್ಟಬೇಕು, ಆಗಲೇ ಲೋಹಕ್ಕೆ ಲೋಹ ಸೇರುವುದು. ಇಲ್ಲಿ ಹೊಸ ಬಣ್ಣ ದಪ್ಪಗೆ ಕೂತು ಹಲ್ಲು ಕೆಳಗಿಳಿದಿರಲಿಲ್ಲ. ಅವರು ಚಾಕುವಿನ ತುದಿಯಿಂದ ರೂಪಾಯಿಯಗಲ ಬಣ್ಣ ಕೆರೆದರು, ತಗಡು ಬೆಳ್ಳಗೆ ಮಿನುಗಿತು, ವಾಷರ್ ಕೂಡಿಸಿ ಬೋಲ್ಟು ತಿರುವಿದರು. ಕೊನೆಯ ಅರ್ಧ ಸುತ್ತಿನಲ್ಲಿ, ಎಂಜಿನ್ ಓಡುತ್ತಿದ್ದಂತೆಯೇ, ಚಟಪಟ ನಿಂತಿತು. ಕ್ಲಾರಿನೆಟ್ ಒಂದು ತೊಳೆದಿಟ್ಟಷ್ಟು ಸ್ಪಷ್ಟವಾಗಿ ಕೇಳಿತು. ಕೊಟ್ಟಿಗೆಯಲ್ಲಿದ್ದವರು ಹೋ ಎಂದು ಕೂಗಿದರು, ನಾನೂ ಕೂಗಿದೆ.

"ಈಗ ಗೊತ್ತಾಯ್ತಾ ಚಿಕ್ಕಮ್ಮ, ಹಾಡು ಯಾಕೆ ಬೇಕು ಅಂತ?" ಅಕ್ಕನ ಮಗ ನಗುತ್ತಿದ್ದ. ಗೊತ್ತಾಗಿತ್ತು. ಆ ಸಂಗೀತ ಇವರಿಗೆ ಬೇಸರ ಕಳೆಯುವ ಹಿನ್ನೆಲೆಯಲ್ಲ, ದುರಸ್ತಿ ಸರಿಯಾಯಿತೇ ಎಂದು ಹೇಳುವ ಅಳತೆಗೋಲು. ಒಂದು ಯಂತ್ರವು ದೂರದ ದನಿಯೊಂದಕ್ಕಾಗಿ ತನ್ನ ಗದ್ದಲವನ್ನು ಅಡಗಿಸಿಕೊಳ್ಳುವ ಹಾಗೆ ಅದನ್ನು ಕಟ್ಟಿದ್ದರಲ್ಲ, ಅದನ್ನು ನೆನೆದರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಸಂಜೆ ಚಹಾ ಹೊತ್ತಿಗೆ ಯಜಮಾನರು ಒಂದು ಧ್ವನಿಮುದ್ರಣ ಹಾಕಿದರು. ಬಿಬಿಸಿಯವರು 1924ರಿಂದ ವಸಂತಕಾಲದಲ್ಲಿ ಸರ್ರೆಯ ಒಂದು ತೋಟಕ್ಕೆ ಮೈಕು ಒಯ್ದು ನೈಟಿಂಗೇಲ್ ಹಕ್ಕಿಗಳ ಹಾಡನ್ನು ನೇರಪ್ರಸಾರ ಮಾಡುತ್ತಿದ್ದರು. ಶುರುವಿನ ವರ್ಷಗಳಲ್ಲಿ ಬೀಟ್ರಿಸ್ ಹ್ಯಾರಿಸನ್ ಎಂಬ ಕಲಾವಿದೆ ತೋಟದಲ್ಲಿ ಕೂತು ಚೆಲ್ಲೊ ನುಡಿಸಿದರೆ ಹಕ್ಕಿಗಳು ಜೊತೆಗೂಡುತ್ತಿದ್ದವಂತೆ. 1942ರ ಮೇ 19ರ ರಾತ್ರಿಯೂ ಮೈಕು ಅಲ್ಲಿತ್ತು. ಹಕ್ಕಿ ಹಾಡುತ್ತಿರುವಾಗ ಮೇಲೆ ಗುಡುಗಿನಂಥ ಮೊರೆತ ಹತ್ತಿರವಾಯಿತು. ಜರ್ಮನಿಯ ಮಾನ್‌ಹೈಮ್ ನಗರದ ಮೇಲೆ ದಾಳಿಗೆ ಹೊರಟ ಸುಮಾರು 200 ಬಾಂಬರ್ ವಿಮಾನಗಳು. ಪ್ರಸಾರವಾದರೆ ಶತ್ರುವಿಗೆ ಸುಳಿವು ಕೊಟ್ಟಂತೆ ಎಂದು ಎಂಜಿನಿಯರ್ ತಕ್ಷಣ ತಂತಿ ಕಡಿದ. ಆದರೆ ಧ್ವನಿಮುದ್ರಣ ನಡೆದೇ ಇತ್ತು. ಮೊರೆತ ಏರುತ್ತ ಏರುತ್ತ ಕೊಟ್ಟಿಗೆಯ ತಗಡೇ ನಡುಗುವಷ್ಟಾಗುತ್ತದೆ. ಹಕ್ಕಿ ನಿಲ್ಲಿಸುವುದೇ ಇಲ್ಲ. ಆ ವಿಮಾನಗಳಲ್ಲಿ ಕೆಲವು ಹಿಂದಿರುಗಲಿಲ್ಲ. ನನ್ನ ಲೋಟದ ಚಹಾ ಆರಿಹೋಯಿತು.

ಹಾಡು ಕೇಳಿ ತಲೆದೂಗುವಾಗ ಭಾರತದಿಂದ ಹೋದ ನನ್ನೊಳಗೆ ಇನ್ನೊಂದು ನೆನಪೂ ಇತ್ತು, ಅದನ್ನು ಅವರಿಗೆ ಹೇಳದಿದ್ದರೆ ಸಮಾಧಾನವಾಗುತ್ತಿರಲಿಲ್ಲ. ಬ್ರಿಟನ್ನಿನ ಇದೇ ರೇಡಿಯೊ ದನಿಗಳು ಸ್ವಾತಂತ್ರ್ಯದ ಮಾತಾಡುತ್ತಿದ್ದ 1942ರಲ್ಲಿ ನಮ್ಮ ಈಸೂರಿನ ಜನ ತಮ್ಮ ಊರು ಸ್ವತಂತ್ರವೆಂದು ಸಾರಿದರು, ಮರುವರ್ಷ ಐವರು ಗಲ್ಲಿಗೇರಿದರು. ಬಂಗಾಳದಲ್ಲಿ 1943ರಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಮುಂಬಯಿಯಲ್ಲಿ ಉಷಾ ಮೆಹತಾ ಎಂಬ ಇಪ್ಪತ್ತೆರಡರ ಹುಡುಗಿ ಗೆಳೆಯರೊಂದಿಗೆ ಕಾಂಗ್ರೆಸ್ ರೇಡಿಯೊ ಎಂಬ ಗುಪ್ತ ಕೇಂದ್ರ ನಡೆಸಿದಳು. ಆಗಸ್ಟ್‌ನಿಂದ ನವೆಂಬರ್‌ವರೆಗೆ ಮನೆಯಿಂದ ಮನೆಗೆ ಟ್ರಾನ್ಸ್‌ಮಿಟರ್ ಹೊತ್ತು ತಿರುಗಿ, ಕೊನೆಗೆ ಸಿಕ್ಕಿಬಿದ್ದು ಜೈಲು ಕಂಡಳು. ಯಜಮಾನರು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಯಾವ ತರಂಗಾಂತರ?" 42.34 ಮೀಟರ್, ನನಗೆ ಬಾಯಿಪಾಠ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ ಮೂಲೆಯಲ್ಲಿದ್ದ ಭಾರದ ಕಬ್ಬಿಣದ ಪೆಟ್ಟಿಗೆಯೊಂದರ ಬಳಿ ನನ್ನನ್ನು ಕರೆದೊಯ್ದರು. ಟ್ಯಾಂಕುಗಳಲ್ಲಿ ಇರುತ್ತಿದ್ದ 19ನೇ ನಂಬರಿನ ವೈರ್‌ಲೆಸ್ ಸೆಟ್ಟು. ಕೆನಡಾದಲ್ಲಿ ತಯಾರಾದದ್ದು, ಅದರ ಗುಂಡಿಗಳ ಮೇಲೆ ಇಂಗ್ಲಿಷಿನ ಜೊತೆ ರಷ್ಯನ್ ಅಕ್ಷರಗಳೂ ಇವೆ, ಸೋವಿಯತ್ ಸೈನ್ಯಕ್ಕೂ ಅವನ್ನು ಕಳಿಸುತ್ತಿದ್ದರು. 2ರಿಂದ 8 ಮೆಗಾಹರ್ಟ್ಸ್‌ವರೆಗೆ ಹಿಡಿಯುವ ಸೆಟ್ಟು ಅದು. ಯಜಮಾನರು ಮುಳ್ಳನ್ನು 7ರ ಮೇಲೆ ಸ್ವಲ್ಪ ದಾಟಿಸಿ ನಿಲ್ಲಿಸಿದರು. "ನಿಮ್ಮ ಹುಡುಗಿ ಇಲ್ಲಿದ್ದಳು" ಅಂದರು.

ಬೆಂಗಳೂರಿಗೂ ಈ ಲೋಕಕ್ಕೂ ನಂಟಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅಮೆರಿಕದ ವಾಯುಪಡೆ 1943ರಲ್ಲಿ ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ವಹಿಸಿಕೊಂಡು ಬರ್ಮಾ ಕಡೆಯ ಯುದ್ಧದಲ್ಲಿ ನುಗ್ಗುನುರಿಯಾದ ವಿಮಾನಗಳನ್ನು ಅಲ್ಲಿ ರಿಪೇರಿ ಮಾಡಿಸಿತು. ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೇ ಬಂದಿಳಿಯುತ್ತಿದ್ದವು. ಬೆಳ್ಳಂದೂರಿನ ಈಗಿನ ಕೆರೆಯನ್ನು ಬಲ್ಲವರಿಗೆ ಇದು ದಂತಕಥೆಯಂತೆ ತೋರಬಹುದು. ಅದೇ ಬರ್ಮಾ ರಂಗಕ್ಕೆ 1944ರಲ್ಲಿ ಗಾಯಕಿ ವೆರಾ ಲಿನ್ ಬಂದು ಅರಕಾನಿನ ಆಸ್ಪತ್ರೆಗಳಲ್ಲಿ, ಕಾಡಿನ ಬಯಲುಗಳಲ್ಲಿ ಹಾಡಿದ್ದರು. ಅವರ ರೇಡಿಯೊ ಕಾರ್ಯಕ್ರಮ ಅತಿ ಭಾವುಕವಾಗಿದೆ, ಸೈನಿಕರ ಮನಸ್ಸು ಮೆತ್ತಗಾಗುತ್ತದೆ ಎಂದು ಲಂಡನ್ನಿನ ದೊಡ್ಡವರು ಗೊಣಗುತ್ತಿದ್ದರು. ಮನೆಯ ನೆನಪು ಬಂದವನು ಮನೆಗೆ ಮರಳಲು ಇನ್ನೂ ಗಟ್ಟಿಯಾಗಿ ಹೋರಾಡುತ್ತಾನೆ ಎನ್ನುವುದು ಅವರಿಗೆ ಹೊಳೆಯಲಿಲ್ಲವೇಕೋ. ವೆರಾ ಲಿನ್ 103 ವರ್ಷ ಬಾಳಿ 2020ರಲ್ಲಿ ತೀರಿಕೊಂಡರು.

ಜೂನ್ ಮೊದಲ ವಾರ ಜೀಪನ್ನು ಟ್ರೇಲರಿನ ಮೇಲೆ ಹೇರಿಕೊಂಡು ಪೋರ್ಟ್ಸ್‌ಮತ್ ಬಂದರಿಗೆ, ಅಲ್ಲಿಂದ ರಾತ್ರಿಯ ಹಡಗಿನಲ್ಲಿ ಫ್ರಾನ್ಸಿಗೆ ಹೊರಟೆವು. ಹಡಗಿನ ಹೊಟ್ಟೆಯ ತುಂಬ ಹಸಿರು ಬಣ್ಣದ ಗಾಡಿಗಳು. 1944ರ ಜೂನ್ 6ರಂದು ಮಿತ್ರಸೇನೆ ಇಳಿದ ನಾರ್ಮಂಡಿಯ ತೀರದಲ್ಲಿ ಪ್ರತಿವರ್ಷ ಆ ದಿನಕ್ಕೆ ಇಂಥ ಗಾಡಿಗಳು ನೂರಾರು ಸಂಖ್ಯೆಯಲ್ಲಿ ಸೇರುತ್ತವೆ. ಡೆಕ್ಕಿನ ಮೇಲೆ ನಿಂತಾಗ ಅಕ್ಕನ ಮಗ ಬಿಬಿಸಿಯ ವರದಿಗಾರರ ವಿಷಯ ಹೇಳಿದ. ಅವರು ಹೊತ್ತೊಯ್ದ 'ಪುಟ್ಟ' ಧ್ವನಿಮುದ್ರಣ ಯಂತ್ರದ ತೂಕವೇ ಸುಮಾರು 18 ಕೆ.ಜಿ. ಕೀ ಕೊಟ್ಟರೆ ತಿರುಗುವ ಗ್ರಾಮಫೋನಿನ ತಟ್ಟೆ, ಒಂದೊಂದು ತಟ್ಟೆಯಲ್ಲಿ ಕೆಲವೇ ನಿಮಿಷದ ಮಾತು. ಅದನ್ನು ಹೊತ್ತು ತೀರಕ್ಕೆ ಇಳಿದವರಿದ್ದರು, ವಿಮಾನದಿಂದ ಪ್ಯಾರಾಚೂಟಿನಲ್ಲಿ ಸೈನಿಕರೊಂದಿಗೆ ಹಾರಿದವರೂ ಇದ್ದರು. ಇಳಿದ ಮರುದಿನವೇ, ಜೂನ್ 7ರಂದು, ಮಿತ್ರಸೇನೆಯ ಸೈನಿಕರಿಗೆಂದು ಪ್ರತ್ಯೇಕ ರೇಡಿಯೊ ಕಾರ್ಯಕ್ರಮ ಶುರುವಾಯಿತು. ಗುಂಡಿ ತೋಡಿ ಕೂತವನಿಗೆ ಅನ್ನ, ಮದ್ದುಗುಂಡುಗಳ ಜೊತೆಗೆ ಹಾಡೂ ಬೇಕೆಂದು ಯೋಚಿಸಿದವರು ಯಾರೋ, ಅವರ ಮೇಲೆ ನನಗೆ ಬಹಳ ಗೌರವ.

ಸೇಂಟ್-ಮೇರ್-ಎಗ್ಲೀಸ್ ಊರಿನ ಚರ್ಚಿನ ಗೋಪುರಕ್ಕೆ ಪ್ಯಾರಾಚೂಟ್ ಸಿಕ್ಕಿಕೊಂಡ ಸೈನಿಕನ ಬೊಂಬೆಯೊಂದು ತೂಗುತ್ತಿದೆ. ಜಾನ್ ಸ್ಟೀಲ್ ಎಂಬಾತ ಆ ರಾತ್ರಿ ಹಾಗೆ ನೇತಾಡುತ್ತ ಸತ್ತವನಂತೆ ನಟಿಸಿ ಬದುಕಿದ. ಅದರ ಕೆಳಗಿನ ಚೌಕದಲ್ಲಿ ಜೀಪುಗಳ ಜಾತ್ರೆ. ಊರಾಚೆಯ ಹುಲ್ಲುಗಾವಲಿನಲ್ಲಿ ನಮ್ಮ ಬಿಡಾರ. ಪಕ್ಕದ ಡೇರೆಯಲ್ಲಿ ಜರ್ಮನಿಯಿಂದ ಬಂದ ಗಂಡಹೆಂಡತಿ, ಅವರದೂ ಅಮೆರಿಕದ ಲಾರಿ. ಕತ್ತಲಾದ ಮೇಲೆ ಅವರು 'ಲಿಲಿ ಮಾರ್ಲೀನ್' ಹಾಕಿದರು. 1939ರಲ್ಲಿ ಲಾಲೆ ಆಂಡರ್ಸನ್ ಹಾಡಿದಾಗ ಆ ತಟ್ಟೆ ಅಷ್ಟಾಗಿ ಮಾರಾಟವಾಗಿರಲಿಲ್ಲ. 1941ರಲ್ಲಿ ಜರ್ಮನರು ವಶಪಡಿಸಿಕೊಂಡ ಬೆಲ್‌ಗ್ರೇಡ್ ರೇಡಿಯೊ ಕೇಂದ್ರದವರು ಪ್ರತಿರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಅದನ್ನು ಹಾಕತೊಡಗಿದರು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಜರ್ಮನ್ ಸೈನಿಕರು ಕೇಳಿದರು, ಎದುರು ಬದಿಯ ಬ್ರಿಟಿಷ್ ಎಂಟನೇ ಸೈನ್ಯದವರೂ ಅದೇ ಹೊತ್ತಿಗೆ ಅದೇ ಕೇಂದ್ರ ತಿರುಗಿಸಿ ಕೇಳಿದರು. ಆ ಎಂಟನೇ ಸೈನ್ಯದಲ್ಲಿ ಭಾರತೀಯ ಡಿವಿಷನ್ನುಗಳೂ ಇದ್ದವು. ಕೊನೆಗೆ ಇಂಗ್ಲಿಷಿನಲ್ಲೂ ಹಾಡು ಬರೆಸಬೇಕಾಯಿತು. ಹುಲ್ಲುಗಾವಲಿನಲ್ಲಿ ಅಂದು ಅದನ್ನು ಮೂರ್ನಾಲ್ಕು ಭಾಷೆಯಲ್ಲಿ ಗುನುಗುತ್ತಿದ್ದರು.

ಹಾಡಿನ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಚಟಪಟ ಶುರುವಾಯಿತು. ಯಾರೋ ಜೀಪು ಚಾಲೂ ಮಾಡಿದ್ದರು. ಯಜಮಾನರು ಚೂಪಾಗಿ ಕಿವಿಗೊಟ್ಟರು, "ಡೈನಮೊ ಅಲ್ಲ, ಬಾನೆಟ್ಟಿನ ಪಟ್ಟಿ" ಎಂದು ತೀರ್ಮಾನಿಸಿ, ಹಲ್ಲಿನ ವಾಷರುಗಳ ಡಬ್ಬಿಯನ್ನೂ ಚಾಕುವನ್ನೂ ಜೇಬಿಗೆ ಹಾಕಿಕೊಂಡು ಎದ್ದರು. "ಟಾರ್ಚ್ ತಗೊಂಡು ಬಾ ಚಿಕ್ಕಮ್ಮ" ಎನ್ನುತ್ತ ಅಕ್ಕನ ಮಗ ಅವರ ಹಿಂದೆ ಓಡಿದ. ಜರ್ಮನ್ ದಂಪತಿ ರೇಡಿಯೊದ ದನಿ ಇನ್ನಷ್ಟು ಏರಿಸಿದರು, ಯಾವ ಗಾಡಿಯದೆಂದು ಹುಡುಕುವುದಕ್ಕೆ ನಮಗೆ ಅನುಕೂಲವಾಗಲೆಂದು.